ಲೈಟ್ ಬಿಲ್ ಇಲ್ಲದವರ ಫ್ಯಾನು

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು, ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗ, ಮುಂಬೈ
ಮಹಾನಿರ್ದೇಶಕರು, ಮಹಾಊರ್ಜಾ, ಪುಣೆ

ವಿಷಯ: ಸ್ವಂತ ಮೀಟರಿಲ್ಲದ ಬಾಡಿಗೆ ಖೋಲಿಗಳಿಗೆ ವಿದ್ಯುತ್ ಉಳಿತಾಯದ ಯೋಜನೆಗಳು ತಲುಪದಿರುವ ಬಗ್ಗೆ

ಮಾನ್ಯರೇ,

ತಿಂಗಳಿಗೆ 300 ಯುನಿಟ್ ಉರಿಸುವ, ಏಸಿ ಇರುವ ಫ್ಲ್ಯಾಟೊಂದು 2024–25ರಲ್ಲಿ ಪುಣೆಯಲ್ಲಿ ಯುನಿಟ್ಟಿಗೆ ಸರಾಸರಿ 11 ರೂಪಾಯಿ 60 ಪೈಸೆ ಕೊಡುತ್ತಿತ್ತು. ಎರಡು ಬಲ್ಬು, ಒಂದು ಫ್ಯಾನು, ಒಂದು ಟೀವಿ, ಚಳಿಗಾಲಕ್ಕೊಂದು ನೀರು ಕಾಯಿಸುವ ರಾಡು ಇಟ್ಟುಕೊಂಡು 70 ಯುನಿಟ್ ಉರಿಸುವ ಪತ್ರಾಸಿನ, ಅಂದರೆ ತಗಡು ಚಾವಣಿಯ, ಖೋಲಿ 15 ರೂಪಾಯಿ ಕೊಡುತ್ತಿತ್ತು. ಯಾರೋ ಕದ್ದು ತಿಂದದ್ದರಿಂದ ಹೀಗಾಗಿದ್ದಲ್ಲ. ತಾವೇ ಮಂಜೂರು ಮಾಡಿದ 2024–25ರ ದರಪಟ್ಟಿಯನ್ನು ಮುಂದಿಟ್ಟುಕೊಂಡು ನಾನು ಕೂಡಿಸಿ ಭಾಗಿಸಿದ ಲೆಕ್ಕ ಇದು. ವಿವರ ಕೆಳಗಿದೆ, ತಮ್ಮ ಕಚೇರಿಯಲ್ಲಿ ಯಾರಾದರೂ ಐದು ನಿಮಿಷದಲ್ಲಿ ತಾಳೆ ನೋಡಬಹುದು.

ನಾನು ವೈರ್‌ಮನ್. ಊರು ಕಲಬುರಗಿ ಜಿಲ್ಲೆ. ಹೊಟ್ಟೆಪಾಡಿಗೆ ಪುಣೆಗೆ ಬಂದು ಇಲ್ಲಿಯವನೇ ಆಗಿದ್ದೇನೆ. ಯೆರವಡಾ, ವಾರ್ಜೆ, ವಡಾರವಾಡಿ, ಪರ್ವತಿಯ ಬುಡದ ಜನತಾ ವಸಾಹತು, ಇಲ್ಲೆಲ್ಲ ನನ್ನ ಏಣಿ ಏರಿದೆ. ಇಲ್ಲಿ ಬಾಡಿಗೆಗೆ ಇರುವವರಲ್ಲಿ ಯಾದಗಿರಿ, ವಿಜಯಪುರ, ಬೀದರ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಬಹಳ. ಅವರ ಜೊತೆಗೆ ಸೋಲಾಪುರ, ಲಾತೂರು, ನಾಂದೇಡದವರೂ ಇದ್ದಾರೆ; ಬಿಹಾರದವರೂ ಇದ್ದಾರೆ. 2011ರ ಜನಗಣತಿಯ ಹೊತ್ತಿಗೆ ಪುಣೆ ನಗರದ 31 ಲಕ್ಷ ಜನರಲ್ಲಿ ಹತ್ತಿರಹತ್ತಿರ 7 ಲಕ್ಷ ಜನ ಕೊಳೆಗೇರಿಗಳಲ್ಲಿದ್ದರು. ಅವರೆಲ್ಲ ಬಾಡಿಗೆಯವರಲ್ಲ, ನಿಜ. ಆದರೆ ನಾನು ಹೇಳಹೊರಟಿರುವುದು ಬಾಡಿಗೆಯವರ ಮಾತು. ಈ ಪತ್ರದ ಮರಾಠಿ ಪ್ರತಿಯನ್ನು ಅಂಚೆಯಲ್ಲಿ ಕಳಿಸಿದ್ದೇನೆ. ಕನ್ನಡದಲ್ಲಿ ಇಲ್ಲಿ ಪ್ರಕಟಿಸಲು ಕಾರಣ, ಖೋಲಿಯವರಷ್ಟೇ ಅಲ್ಲ, ಖೋಲಿ ಕಟ್ಟಿಸಿ ಬಾಡಿಗೆಗೆ ಕೊಟ್ಟ ಮಾಲಕರಲ್ಲಿ, ಕೂಲಿಗೆ ಕರೆತರುವ ಮುಕಾದಮರಲ್ಲಿಯೂ ನಮ್ಮವರು ಇದ್ದಾರೆ. ಅವರೂ ಓದಲಿ.

ಲೆಕ್ಕಕ್ಕೆ ಬರುತ್ತೇನೆ. ಒಂದು ಜಾಗ, ಅದರಲ್ಲಿ ಎಂಟು ಖೋಲಿ, ಎಲ್ಲಕ್ಕೂ ಸೇರಿ ಮಾಲಕರ ಹೆಸರಿನಲ್ಲಿ ಒಂದೇ ಮೀಟರು. ಪ್ರತಿ ಖೋಲಿಗೆ 70 ಯುನಿಟ್‌ನಂತೆ ತಿಂಗಳಿಗೆ 560 ಯುನಿಟ್. 2024–25ರಲ್ಲಿ ಮೊದಲ 100 ಯುನಿಟ್ಟಿಗೆ ವಿದ್ಯುತ್ ದರ ಮತ್ತು ವಹನ ಶುಲ್ಕ ಸೇರಿ ತಲಾ 5 ರೂಪಾಯಿ 88 ಪೈಸೆ ಇತ್ತು. 101ರಿಂದ 300ರವರೆಗೆ 11 ರೂಪಾಯಿ 46 ಪೈಸೆ. 301ರಿಂದ 500ರವರೆಗೆ 15 ರೂಪಾಯಿ 72 ಪೈಸೆ. ಅದರ ಮೇಲೆ 17 ರೂಪಾಯಿ 81 ಪೈಸೆ. ಇದಕ್ಕೆ ಸ್ಥಿರ ಆಕಾರ 128 ರೂಪಾಯಿ, ಒಟ್ಟು ಮೊತ್ತದ ಮೇಲೆ ಶೇ 16 ವಿದ್ಯುತ್ ಸುಂಕ. ಬಿಲ್ಲು ಸುಮಾರು 8,375 ರೂಪಾಯಿ ಆಗುತ್ತಿತ್ತು. 560ರಿಂದ ಭಾಗಿಸಿದರೆ ಯುನಿಟ್ಟಿಗೆ 15 ರೂಪಾಯಿಗೆ ಐದು ಪೈಸೆ ಕಡಿಮೆ. ಅದೇ ಎಂಟು ಖೋಲಿಗೆ ಎಂಟು ಮೀಟರು ಇದ್ದಿದ್ದರೆ ಒಬ್ಬರೂ ಮೊದಲ ಹಂತ ದಾಟುತ್ತಿರಲಿಲ್ಲ. ಪ್ರತಿಯೊಬ್ಬರೂ 128 ರೂಪಾಯಿ ಸ್ಥಿರ ಆಕಾರ ಬೇರೆಬೇರೆಯಾಗಿ ಕೊಟ್ಟರೂ ಖೋಲಿಯೊಂದಕ್ಕೆ 626 ರೂಪಾಯಿ, ಅಂದರೆ ಯುನಿಟ್ಟಿಗೆ 9 ರೂಪಾಯಿಯ ಒಳಗೆ. ಅವರು ಕೊಡುತ್ತಿದ್ದುದು 1,047. ನಡುವಿನ 420 ರೂಪಾಯಿಯನ್ನು ಒಂದು ಕೂಲಿ ಕುಟುಂಬ ಪ್ರತಿ ತಿಂಗಳೂ ತೆರುತ್ತಿದ್ದುದು, ಒಂದೇ ಮೀಟರಿನ ಹಿಂದೆ ಎಂಟು ಒಲೆ ಉರಿಯುತ್ತವೆ ಎಂಬ ಒಂದೇ ಕಾರಣಕ್ಕೆ.

ಹಂತ ಹಂತದ ದರವನ್ನು ಮಾಡಿದ್ದೇ ಕಡಿಮೆ ಉರಿಸುವ ಬಡವರಿಗೆ ಕಡಿಮೆ ಬೀಳಲಿ, ಹೆಚ್ಚು ಉರಿಸುವವರು ಹೆಚ್ಚು ಕೊಡಲಿ ಎಂದು. ಒಳ್ಳೆಯ ನಿಯಮ, ಅದರ ಬಗ್ಗೆ ತಕರಾರಿಲ್ಲ. ಆದರೆ ನಿಯಮ ಎಣಿಸುವುದು ಮೀಟರನ್ನು, ಮನೆಯನ್ನಲ್ಲ. ಹೀಗಾಗಿ ಎಂಟು ಬಡ ಕುಟುಂಬಗಳು ಕೂಡಿ ಕಾಗದದ ಮೇಲೆ ಒಬ್ಬ ದುಂದುಗಾರ ಶ್ರೀಮಂತನಾಗುತ್ತವೆ. ಮಾಲಕರನ್ನು ಬೈಯುವುದು ಸುಲಭ. ನನ್ನ ಅನುಭವದಲ್ಲಿ ಖೋಲಿಗೊಂದರಂತೆ ತಾನೇ ಹಾಕಿದ ಸಬ್‌ಮೀಟರಿನ ಮೇಲೆ 14, 15 ರೂಪಾಯಿ ವಸೂಲಿ ಮಾಡುವ ಮಾಲಕ ಹೆಚ್ಚಿನ ಸಲ ತನ್ನ ಬಿಲ್ಲನ್ನಷ್ಟೇ ತುಂಬಿಸಿಕೊಳ್ಳುತ್ತಿರುತ್ತಾನೆ. ಅದರ ಮೇಲೆ ಎರಡು ರೂಪಾಯಿ ಏರಿಸಿ ಗಂಟು ಮಾಡುವವರೂ ಇದ್ದಾರೆ, ಇಲ್ಲವೆನ್ನಲಾರೆ.

ದಾರಿದ್ರ್ಯ ರೇಖೆಯ ಕೆಳಗಿನವರಿಗೆಂದು ಬೇರೆಯೇ ಒಂದು ಅಗ್ಗದ ದರವಿದೆ. ತಿಂಗಳಿಗೆ 30 ಯುನಿಟ್‌ನ ಮಿತಿ. ಒಂದು ಹಳೆಯ ಫ್ಯಾನು ಬೇಸಿಗೆಯಲ್ಲಿ ಒಂಟಿಯಾಗಿ ಆ ಮಿತಿಯನ್ನು ದಾಟುತ್ತದೆ. ಅದಕ್ಕೂ ಸ್ವಂತ ಗ್ರಾಹಕ ಸಂಖ್ಯೆ ಬೇಕು. ಆ ಮಾತು ಅಲ್ಲಿಗೆ ಬಿಡೋಣ.

ಫ್ಯಾನಿನ ಮಾತನ್ನು ಮಾತ್ರ ಬಿಡುವಂತಿಲ್ಲ. ಖೋಲಿಯ 70 ಯುನಿಟ್‌ನಲ್ಲಿ ಅರ್ಧದಷ್ಟನ್ನು ತಿನ್ನುವುದು ಅದೇ. ಸಾಧಾರಣ ಸೀಲಿಂಗ್ ಫ್ಯಾನು 75 ವಾಟ್. ಪತ್ರಾಸಿನ ಕೆಳಗೆ ಮಾರ್ಚಿನಿಂದ ಜೂನಿನವರೆಗೆ ಅದು ದಿನಕ್ಕೆ ಹದಿನಾರು ತಾಸು ತಿರುಗುತ್ತದೆ: ಬೆಳಿಗ್ಗೆ ಕೂಲಿಗೆ ಹೋದವರು ಆರಿಸಿ ಹೋದರೂ ಮನೆಯಲ್ಲಿ ಬಾಣಂತಿ ಇರುತ್ತಾಳೆ, ಮುದುಕರಿರುತ್ತಾರೆ, ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಿದ ವಾಚ್‌ಮನ್ ಇರುತ್ತಾನೆ. ದಿನಕ್ಕೆ 1.2 ಯುನಿಟ್, ತಿಂಗಳಿಗೆ 36. ಅದೂ ಹೊಸ ಫ್ಯಾನಿನ ಲೆಕ್ಕ. ಖೋಲಿಗಳಲ್ಲಿರುವುದು ಹೊಸದಲ್ಲ. ಬುಧವಾರ, ರವಿವಾರ ಸೇರುವ ಜುನಾ ಬಜಾರಿನಲ್ಲಿ ಮುನ್ನೂರು, ನಾನ್ನೂರಕ್ಕೆ ಕೊಂಡದ್ದು. ಒಂದು ಸಲವೋ ಎರಡು ಸಲವೋ ಕಾಯಿಲು ಸುಟ್ಟು ರಿವೈಂಡಿಂಗ್ ಆದದ್ದು. ಅಗ್ಗದ ತಂತಿ, ಕಡಿಮೆ ಸುತ್ತು, ಸವೆದ ಬೇರಿಂಗು; ಮೋಟಾರನ್ನು ಮುಟ್ಟಿದರೆ ಕೈ ಸುಡುತ್ತದೆ. ಆ ಬಿಸಿಯೆಲ್ಲ ಮೀಟರಿನಲ್ಲಿ ಎಣಿಕೆಯಾದ ವಿದ್ಯುತ್ತೇ.

ಇದರ ಮೇಲೆ ವೋಲ್ಟೇಜು. ವಸ್ತಿಯ ಒಳಗೆ ಸಣ್ಣ ತಂತಿ ಎಳೆದು ಎಳೆದು ಕೊನೆಯ ಖೋಲಿಗೆ ಕರೆಂಟು ತಲುಪುವಷ್ಟರಲ್ಲಿ, ಸಂಜೆ ಏಳರಿಂದ ಹತ್ತರವರೆಗೆ ಅದು ಸೋತಿರುತ್ತದೆ. "ಅಣ್ಣಾರ, ಫ್ಯಾನು ತಿರುಗ್ತದ, ಗಾಳಿ ಮಾತ್ರ ಇಲ್ರಿ" ಎಂದು ಅಕ್ಕಂದಿರು ಕರೆಯುತ್ತಾರೆ. ನಾನು ಹೋಗಿ ಕಂಡೆನ್ಸರ್ ಬದಲಿಸಿ ಎಪ್ಪತ್ತು, ಎಂಬತ್ತು ರೂಪಾಯಿ ಇಸಿದುಕೊಂಡು ಬರುತ್ತೇನೆ. ಎರಡು ವಾರ ಚೆನ್ನಾಗಿರುತ್ತದೆ.

ಬಿಎಲ್‌ಡಿಸಿ ಎಂಬ ಹೊಸ ಬಗೆಯ ಫ್ಯಾನು ಅಷ್ಟೇ ಗಾಳಿಯನ್ನು 30 ವಾಟ್‌ನ ಆಸುಪಾಸಿನಲ್ಲಿ ಕೊಡುತ್ತದೆ. ವೋಲ್ಟೇಜು ಇಳಿದರೂ ವೇಗ ಇಳಿಯದು. ಅದರಿಂದ ಹದಿನಾರು ತಾಸಿಗೆ ಉಳಿಯುವುದು 0.72 ಯುನಿಟ್, ತಿಂಗಳಿಗೆ 21 ಯುನಿಟ್‌ನ ಮೇಲೆ. ಇಲ್ಲಿ ತಾವು ಗಮನಿಸಬೇಕಾದ ಒಂದು ಸಂಗತಿ ಇದೆ. 2024–25ರ ದರದಲ್ಲಿ, ಮೊದಲ ಹಂತದಲ್ಲೇ ಇರುವ ಸ್ವಂತ ಮೀಟರಿನವನಿಗೆ ಈ ಫ್ಯಾನು ತಿಂಗಳಿಗೆ ಸುಮಾರು 147 ರೂಪಾಯಿ ಉಳಿಸಿಕೊಡುತ್ತದೆ. ಹಂಚಿಕೊಂಡ ಮೀಟರಿನ ಹಿಂದಿರುವವನಿಗೆ 15 ರೂಪಾಯಿ ದರದಲ್ಲಿ 320ರ ಮೇಲೆ. ಒಂದೇ ಫ್ಯಾನು, ಎರಡರಷ್ಟು ಉಳಿತಾಯ. ಅಂಗಡಿಯಲ್ಲಿ ಎರಡೂವರೆ, ಮೂರು ಸಾವಿರ ಬೀಳುವ ಫ್ಯಾನು ಅಂಥ ಖೋಲಿಯಲ್ಲಿ ಬಳಸಿದ ಹತ್ತು ತಿಂಗಳೊಳಗೆ ಅಸಲು ತೀರಿಸುತ್ತದೆ. ಯೋಜನೆಯ ಒಂದು ರೂಪಾಯಿ ಎಲ್ಲಿ ಹೆಚ್ಚು ದುಡಿಯುತ್ತದೋ ಅಲ್ಲಿಗೇ ಅದು ಹೋಗುತ್ತಿಲ್ಲ ಎನ್ನುವುದು ನನ್ನ ತಕರಾರು. ಇದರಲ್ಲಿ ದಾನದ ಮಾತೇ ಇಲ್ಲ.

ಯೋಜನೆಗಳು ಇಲ್ಲವೇ ಎಂದರೆ, ಬೇಕಾದಷ್ಟಿವೆ. 2015ರ ಜನವರಿ 5ರಂದು ಅಗ್ಗದ ಎಲ್‌ಇಡಿ ಬಲ್ಬು ಹಂಚುವ ಉಜಾಲಾ ಶುರುವಾಯಿತು. ಕರ್ನಾಟಕದಲ್ಲಿ ಅದೇ ಯೋಜನೆ ಹೊಸ ಬೆಳಕು ಎಂಬ ಹೆಸರಿನಲ್ಲಿ ಬಂತು. ಕೇಂದ್ರದ ಇಇಎಸ್‌ಎಲ್ ಸಂಸ್ಥೆ ಸಗಟಿನಲ್ಲಿ ಕೊಂಡದ್ದರಿಂದ 2014ರಲ್ಲಿ 310 ರೂಪಾಯಿ ಇದ್ದ ಎಲ್‌ಇಡಿ ಬಲ್ಬಿನ ಖರೀದಿ ಬೆಲೆ 2016ರ ಹೊತ್ತಿಗೆ 38ಕ್ಕೆ ಇಳಿಯಿತು. ದೇಶದಲ್ಲಿ 36 ಕೋಟಿಗೂ ಹೆಚ್ಚು ಬಲ್ಬು ಹಂಚಿದರು. ಈ ಯೋಜನೆಯನ್ನು ನಾನು ಮೆಚ್ಚುತ್ತೇನೆ. ಅದರ ದೆಸೆಯಿಂದ ಪೇಟೆಯಲ್ಲೂ ಬೆಲೆ ಬಿದ್ದು, ಬಲ್ಬು ಹಂಚುವ ಕೌಂಟರಿಗೆ ಕಾಲಿಡದ ಬಾಡಿಗೆಯವರೂ ಕಿರಾಣಿ ಅಂಗಡಿಯಲ್ಲಿ ಎಲ್‌ಇಡಿ ಕೊಳ್ಳುವಂತಾಯಿತು. ಆದರೆ ಕೌಂಟರಿಗೆ ಹೋಗುವವರು ಇತ್ತೀಚಿನ ಲೈಟ್ ಬಿಲ್ಲು, ಗುರುತಿನ ಚೀಟಿ ಒಯ್ಯಬೇಕಿತ್ತು. ನಾನು ಒಂದು ಕೌಂಟರಿನ ಮುಂದೆ ವಸ್ತಿಯ ಕೆಲವರನ್ನು ಕರೆದುಕೊಂಡು ನಿಂತಿದ್ದೆ. ಎಲ್ಲರ ಬಳಿ ಆಧಾರ್ ಇತ್ತು, ದುಡ್ಡಿತ್ತು. ಬಿಲ್ಲು ಇರಲಿಲ್ಲ. ಕೌಂಟರಿನ ಹುಡುಗ ಒಳ್ಳೆಯವನೇ. "ಕಾಕಾ, ಬಿಲ್ಲಿನ ಝೆರಾಕ್ಸ್ ಆದರೂ ತನ್ನಿ, ಯಾರದಾದರೂ ನಡೆಯುತ್ತದೆ" ಎಂದ. ಮಾಲಕರನ್ನು ಕೇಳಿದರೆ ಅವರು ಅದೇ ಬಿಲ್ಲಿನ ಮೇಲೆ ಸಿಗುವಷ್ಟು ಬಲ್ಬನ್ನು ತಮ್ಮ ಮನೆಗೆ ಆಗಲೇ ತಂದಾಗಿತ್ತು.

2021ರ ಮಾರ್ಚಿನಲ್ಲಿ ಬಿಹಾರದ ಆರಾದಲ್ಲಿ ಗ್ರಾಮ ಉಜಾಲಾ ಶುರುವಾಯಿತು. ಹಳೆಯ ಹಳದಿ ಬಲ್ಬು ಕೊಟ್ಟರೆ ಹತ್ತು ರೂಪಾಯಿಗೆ ಎಲ್‌ಇಡಿ. ಕರ್ನಾಟಕದ ಹಳ್ಳಿಗಳಿಗೂ ಅದು ಬಂತು. ಹೆಸರೇ ಹೇಳುವಂತೆ ಅದು ಹಳ್ಳಿಗೆ. ಊರಿನಲ್ಲಿ ಬೀಗ ಹಾಕಿದ ಮನೆಗೆ ಹತ್ತು ರೂಪಾಯಿಯ ಬಲ್ಬು ಸಿಗುವಂತಿತ್ತು, ಬೀಗ ಹಾಕಿ ಬಂದವರು ಇರುವ ಖೋಲಿಗೆ ಇಲ್ಲ. 2023ರ ನವೆಂಬರಿನಲ್ಲಿ ಇಇಎಸ್‌ಎಲ್ ಒಂದು ಕೋಟಿ ಮಿತವ್ಯಯದ ಫ್ಯಾನು ಹಂಚುವ ಕಾರ್ಯಕ್ರಮ ಸಾರಿತು. ಸೀಲಿಂಗ್ ಫ್ಯಾನಿಗೆ ಅದರ ಮಿತವ್ಯಯ ತೋರಿಸುವ ನಕ್ಷತ್ರದ ಚೀಟಿ ಕಡ್ಡಾಯವಾದದ್ದೂ ಅದೇ ವರ್ಷದ ಜನವರಿಯಿಂದ. ಎರಡೂ ಸರಿಯೇ. ಆದರೆ ಜುನಾ ಬಜಾರಿನ ಫ್ಯಾನಿಗೆ ನಕ್ಷತ್ರ ಅಂಟಿಸುವವರು ಯಾರು?

2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟ್‌ನ ಸೌರ ಫಲಕಕ್ಕೆ 78,000 ರೂಪಾಯಿ ಸಹಾಯಧನ. ಸ್ವಂತ ತಾರಸಿ, ಸ್ವಂತ ಸಂಪರ್ಕ ಇದ್ದವರಿಗೆ. ಒಂದು ತಾರಸಿಯ ಆ ಸಹಾಯಧನದಲ್ಲಿ, ಫ್ಯಾನಿಗೆ ಮೂರು ಸಾವಿರವೆಂದು ಹಿಡಿದರೂ, ಇಪ್ಪತ್ತಾರು ಖೋಲಿಗಳಿಗೆ ಬಿಎಲ್‌ಡಿಸಿ ಫ್ಯಾನು ಪುಕ್ಕಟೆ ಹಾಕಬಹುದು. ಸೌರ ಫಲಕ ಬೇಡ ಎನ್ನುತ್ತಿಲ್ಲ. ತಾರಸಿ ಇದ್ದವನಿಗೆ ಸರ್ಕಾರ ಅಷ್ಟು ಉದಾರಿಯಾಗಿರುವಾಗ ಪತ್ರಾಸಿನವನಿಗೆ ಬಿಲ್ಲು ಕೇಳುವ ಬಿಗಿ ಯಾಕೆ ಎಂದಷ್ಟೇ.

ಈಗ ತಾವು ಕೇಳಬಹುದು: ಬಾಡಿಗೆಯವರು ತಮ್ಮ ಹೆಸರಿನಲ್ಲಿ ಮೀಟರು ಏಕೆ ತೆಗೆದುಕೊಳ್ಳುವುದಿಲ್ಲ? ಕಾನೂನು ಅವರ ಕಡೆಗೇ ಇದೆ. 2003ರ ವಿದ್ಯುತ್ ಕಾಯ್ದೆಯ 43ನೇ ಕಲಮು ಮಾಲಕ ಕೇಳಿದರೂ, ವಾಸವಿರುವವನು ಕೇಳಿದರೂ ಸಂಪರ್ಕ ಕೊಡಬೇಕು ಎನ್ನುತ್ತದೆ. ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮಹಾನಗರದಲ್ಲಿ ಮೂರು ದಿನ, ಉಳಿದ ನಗರಗಳಲ್ಲಿ ಏಳು ದಿನ ಸಾಕು. ಕಾಗದದ ಮೇಲೆ ಇಷ್ಟು ಸಲೀಸು. ನಡೆಯುವುದು ಬೇರೆ. ಬಾಡಿಗೆಯವನು ಅರ್ಜಿ ಹಿಡಿದು ಹೋದರೆ ಮಾಲಕರ ಒಪ್ಪಿಗೆ ಪತ್ರ ತಾ ಎನ್ನುತ್ತಾರೆ. ಮಾಲಕರು ಒಪ್ಪಿಗೆ ಕೊಡುವುದಿಲ್ಲ, ಮತ್ತು ಕೊಡದಿರುವುದಕ್ಕೆ ಅವರಿಗೆ ಕಾರಣವಿದೆ.

ಪುಣೆಯ ವಸ್ತಿಯಲ್ಲಿ ಲೈಟ್ ಬಿಲ್ಲೆಂದರೆ ಬರೀ ಬಿಲ್ಲಲ್ಲ, ಸೂರಿನ ದಾಖಲೆ. ಝೋಪಡಪಟ್ಟಿ ಪುನರ್ವಸತಿ ಯೋಜನೆ ಬಂದಾಗ ಇಂಥ ತಾರೀಖಿಗೆ ಮೊದಲೇ ಇಲ್ಲಿ ಇದ್ದೆ ಎಂದು ತೋರಿಸಬೇಕು. ಒಂದು ಗಡುವು 2000ದ ಜನವರಿ 1, ಹಣ ಕಟ್ಟಿ ಮನೆ ಪಡೆಯುವವರಿಗೆ 2011ರ ಜನವರಿ 1. ಹಳೆಯ ಲೈಟ್ ಬಿಲ್ಲು ಅಲ್ಲಿ ಬಂಗಾರ. ಬಾಡಿಗೆಯವನ ಹೆಸರಿನಲ್ಲಿ ಮೀಟರು ಬಂದರೆ ನಾಳೆ ಅವನೇ ಹಕ್ಕುದಾರನಾದಾನು ಎಂಬ ಅಂಜಿಕೆ ಮಾಲಕರಿಗೆ. ಈ ಅಂಜಿಕೆಗೆ ಆಧಾರವಿದೆಯೋ ಇಲ್ಲವೋ, ಅದು ಹೋಗುವುದಿಲ್ಲ. ಬಾಡಿಗೆಯವನಿಗೂ ಜೋರು ಮಾಡುವ ಧೈರ್ಯವಿಲ್ಲ. ಹನ್ನೊಂದು ತಿಂಗಳ ಕರಾರು ಕೂಡ ಇರುವುದಿಲ್ಲ. ಮಾತಿನ ಮೇಲೆ ಬಂದವನು ಮಾತಿನ ಮೇಲೆ ಹೋಗಬೇಕಾಗುತ್ತದೆ. ಎಲ್ಲರಿಗೂ ಮೀಟರು ಕೊಡಿಸಿ, ಆಮೇಲೆ ಎಲ್ಲರಿಗೂ ಯೋಜನೆ ಎಂದು ಕಾದರೆ ಇನ್ನೊಂದು ತಲೆಮಾರು ಬೇಯುತ್ತದೆ. ಮೀಟರಿಗೆ ಕಾಯದೆ ಫ್ಯಾನನ್ನು ತಲುಪಿಸುವ ದಾರಿ ಹುಡುಕಬೇಕು.

ಇದಕ್ಕಿಂತ ಕೆಟ್ಟ ಪರಿಸ್ಥಿತಿಯೂ ಇದೆ. ಅನೇಕ ಕಡೆ ಸಬ್‌ಮೀಟರೂ ಇಲ್ಲ. ಪಾಯಿಂಟಿನ ಲೆಕ್ಕ: ಬಲ್ಬಿಗೆ ಇಷ್ಟು, ಫ್ಯಾನಿಗೆ ಇಷ್ಟು, ಫ್ರಿಜ್ಜು ತಂದರೆ ಇಷ್ಟು. ಅಲ್ಲಿ ಬಾಡಿಗೆಯವನು ತನ್ನ ದುಡ್ಡಿನಲ್ಲಿ ಬಿಎಲ್‌ಡಿಸಿ ಫ್ಯಾನು ತಂದರೆ ಉಳಿಯುವುದು ಮಾಲಕರಿಗೆ. ಮಾಲಕರು ತಂದು ಹಾಕಿದರೆ ಸಬ್‌ಮೀಟರು ಇರುವ ಕಡೆ ಉಳಿಯುವುದು ಬಾಡಿಗೆಯವನಿಗೆ. ಹೀಗಾಗಿ ಇಬ್ಬರೂ ತರುವುದಿಲ್ಲ. ಜಗತ್ತಿನಲ್ಲಿ ಎಲ್ಲೆಲ್ಲಿ ಬಾಡಿಗೆ ಮನೆಗಳಿವೆಯೋ ಅಲ್ಲೆಲ್ಲ ಈ ಗಂಟು ಇದೆ. ಅಮೆರಿಕದಲ್ಲಿ 1976ರಿಂದ ಬಡವರ ಮನೆಗಳಿಗೆ ಚಳಿ, ಸೆಕೆ ತಡೆಯುವ ದುರಸ್ತಿಯನ್ನು ಸರ್ಕಾರ ಮಾಡಿಸಿಕೊಡುತ್ತದೆ. ಬಾಡಿಗೆಯವರೂ ಅದಕ್ಕೆ ಅರ್ಹರು, ಮತ್ತು ಆ ದುರಸ್ತಿಯ ನೆಪ ಹೇಳಿ ಮಾಲಕ ಬಾಡಿಗೆ ಏರಿಸದಂತೆ ನಿಯಮವಿದೆ. ಬ್ರೆಜಿಲ್‌ನಲ್ಲಿ ವಿದ್ಯುತ್ ಕಂಪನಿಗಳು ತಮ್ಮ ಆದಾಯದ ಒಂದು ಪಾಲನ್ನು ಉಳಿತಾಯದ ಕೆಲಸಕ್ಕೆ ತೆಗೆದಿಡಬೇಕು. ಅದರಲ್ಲಿ ಶೇ 60 ಬಡ ಗ್ರಾಹಕರಿಗೇ ಹೋಗಬೇಕೆಂದು 2010ರಲ್ಲಿ ಕಾನೂನು ಮಾಡಿದರು. ಅಲ್ಲಿಯ ಕೊಳೆಗೇರಿಗಳಲ್ಲಿ ಕಂಪನಿಯವರೇ ಹಳೆಯ ಫ್ರಿಜ್ಜು ಒಯ್ದು ಹೊಸದನ್ನು ಇಟ್ಟು ಬಂದರು.

ನಮ್ಮಲ್ಲೂ ತಮ್ಮ ಆಯೋಗ ವಿದ್ಯುತ್ ಬೇಡಿಕೆಯ ನಿರ್ವಹಣೆಗೆಂದು 2010ರಲ್ಲಿಯೇ ನಿಯಮಾವಳಿ ಹೊರಡಿಸಿತು. ಅದರ ಅಡಿಯಲ್ಲಿ ಮುಂಬೈಯ ಕಂಪನಿಗಳು ಹಳೆಯ ಫ್ಯಾನು, ಫ್ರಿಜ್ಜು, ಏಸಿ ತೆಗೆದುಕೊಂಡು ಐದು ನಕ್ಷತ್ರದ ಹೊಸವನ್ನು ರಿಯಾಯಿತಿಯಲ್ಲಿ ಕೊಟ್ಟವು. ಆ ರಿಯಾಯಿತಿಯ ಖರ್ಚು ಆ ಕಂಪನಿಯ ಎಲ್ಲ ಗ್ರಾಹಕರ ದರದಲ್ಲಿ ಸೇರುತ್ತದೆ. ಅಂದರೆ ಅಲ್ಲಿ ಸಬ್‌ಮೀಟರಿನ ಮೇಲೆ ದುಬಾರಿ ದರ ಕೊಡುವ ಖೋಲಿಯವನು ಇನ್ನೊಬ್ಬರ ಏಸಿಗೂ ಒಂದಿಷ್ಟು ಕೊಟ್ಟ. ಅವನಿಗೆ ಗೊತ್ತಿಲ್ಲ, ಅಷ್ಟೇ.

ಕರ್ನಾಟಕದ ಗೃಹಜ್ಯೋತಿಯನ್ನು ಇಲ್ಲಿ ನೆನೆಯದೆ ಇರಲಾಗದು. 2023ರಲ್ಲಿ 200 ಯುನಿಟ್ ಪುಕ್ಕಟೆ ಎಂದಾಗ ಎದ್ದ ಮೊದಲ ಪ್ರಶ್ನೆಯೇ, ಬಾಡಿಗೆಯವರ ಗತಿ ಏನು ಎಂಬುದು. ಸರ್ಕಾರ ಅವರನ್ನೂ ಸೇರಿಸಿತು: ಮೀಟರು ಮಾಲಕರ ಹೆಸರಿನಲ್ಲಿದ್ದರೂ ಬಾಡಿಗೆಯವರು ತಮ್ಮ ಆಧಾರ್ ಕೊಟ್ಟು ಆ ಸಂಪರ್ಕದ ಮೇಲೆ ಅರ್ಜಿ ಹಾಕಬಹುದು. ಮನಸ್ಸು ಮಾಡಿದರೆ ಕಾಗದದ ಬಾಗಿಲು ತೆರೆಯುತ್ತದೆ ಎನ್ನುವುದಕ್ಕೆ ಇದು ಸಾಕ್ಷಿ. ಆದರೆ ಅಲ್ಲಿಯೂ ಪ್ರತಿ ಮನೆಗೆ ಒಂದು ಮೀಟರು ಇದ್ದರೇ ಲಾಭ. ಇನ್ನೊಂದು ಮಾತು, ಇದನ್ನು ಹೇಳಿದರೆ ಊರಿನವರು ಬೈಯುತ್ತಾರೆ: ಪುಕ್ಕಟೆ ಯುನಿಟ್‌ಗಿಂತ ಒಳ್ಳೆಯ ಫ್ಯಾನು ಮೇಲು. ಯುನಿಟ್ಟನ್ನು ಸರ್ಕಾರ ಪ್ರತಿ ತಿಂಗಳೂ ಕೊಡಬೇಕು, ಫ್ಯಾನನ್ನು ಒಮ್ಮೆ ಕೊಟ್ಟರೆ ಹತ್ತು ವರ್ಷ. ಸರ್ಕಾರ ಬದಲಾದರೂ ಫ್ಯಾನು ತಿರುಗುತ್ತಿರುತ್ತದೆ.

ಆದ್ದರಿಂದ ತಮ್ಮಲ್ಲಿ ಬೇಡಿಕೆ. ಮೊಟ್ಟಮೊದಲಿಗೆ ದರ. ಒಂದು ಮೀಟರಿನ ಹಿಂದೆ ಎಷ್ಟು ಕುಟುಂಬಗಳಿವೆ ಎಂದು ಪರಿಶೀಲಿಸಿ, ದರದ ಹಂತಗಳನ್ನು ಅಷ್ಟರಿಂದ ಗುಣಿಸಿ. ಎಂಟು ಖೋಲಿ ಇದ್ದರೆ ಮೊದಲ ಹಂತ 100ರ ಬದಲು 800 ಯುನಿಟ್‌ವರೆಗೆ ಇರಲಿ. ಸ್ಥಿರ ಆಕಾರವನ್ನೂ ಬೇಕಾದರೆ ಎಂಟರಿಂದಲೇ ಗುಣಿಸಿ, ಆಗಲೂ 2024–25ರ ದರದಂತೆ ಖೋಲಿಗೆ 420 ರೂಪಾಯಿ ಉಳಿಯುತ್ತದೆ. ಈ ಅನುಕೂಲ ಪಡೆಯುವ ಮಾಲಕರು ಪ್ರತಿ ಖೋಲಿಗೂ ಸಬ್‌ಮೀಟರು ಹಾಕಿಸಿ, ಆ ತಿಂಗಳ ಬಿಲ್ಲಿನ ಪ್ರತಿಯನ್ನು ಎಲ್ಲರಿಗೂ ಕಾಣುವಂತೆ ಅಂಟಿಸಬೇಕೆಂದು ಷರತ್ತು ಹಾಕಿ. ಮೀಟರು ಮಾಲಕರ ಹೆಸರಿನಲ್ಲೇ ಉಳಿಯುವುದರಿಂದ ಅವರ ಅಂಜಿಕೆಗೂ ಕಾರಣ ಉಳಿಯದು. ದುರುಪಯೋಗ ಆಗುತ್ತದೆ ಎನ್ನುವವರಿಗೆ ನನ್ನ ಉತ್ತರ: ಖೋಲಿ ಎಣಿಸುವುದು ಕಷ್ಟದ ಕೆಲಸವಲ್ಲ. ಮೀಟರ್ ರೀಡಿಂಗಿಗೆ ಬರುವವರು ಬಾಗಿಲು ಎಣಿಸಬಲ್ಲರು.

ಫ್ಯಾನು, ಬಲ್ಬು ಹಂಚುವಾಗ ಲೈಟ್ ಬಿಲ್ಲು ಕೇಳುವುದನ್ನು ಬಿಡಿ. 2021ರ ಆಗಸ್ಟಿನಲ್ಲಿ ಅಡುಗೆ ಅನಿಲದ ಉಜ್ವಲಾ ಯೋಜನೆಯ ಎರಡನೆಯ ಸುತ್ತು ಶುರುವಾದಾಗ ವಲಸೆ ಬಂದವರಿಗೆ ರೇಷನ್ ಕಾರ್ಡು ಬೇಡ, ವಿಳಾಸದ ಪುರಾವೆ ಬೇಡ, ಸ್ವಂತ ಘೋಷಣೆ ಸಾಕು ಎಂದರು. ಬೆಂಕಿಯ ಅಪಾಯವಿರುವ ಸಿಲಿಂಡರನ್ನೇ ಸ್ವಂತ ಘೋಷಣೆಯ ಮೇಲೆ ಕೊಡಬಹುದಾದರೆ ಫ್ಯಾನಿಗೆ ಏನು ಅಡ್ಡಿ?

ಹಂಚುವ ಕೈಗಳೂ ಪುಣೆಯಲ್ಲಿವೆ. ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ನೋಂದಾಯಿತ ಕಾರ್ಮಿಕರಿಗೆ ಗೃಹೋಪಯೋಗಿ ಸಾಮಾನಿನ ಸೆಟ್ಟು ಕೊಡುತ್ತದೆ: ತಾಟು, ಪಾತ್ರೆ, ಡಬ್ಬಿ. ಅದಕ್ಕೆ ದುಡ್ಡು ಬರುವುದು ಕಟ್ಟಡಗಳ ವೆಚ್ಚದ ಮೇಲಿನ ಸೆಸ್ಸಿನಿಂದ. ಆ ಸೆಟ್ಟಿನೊಳಗೆ ಒಂದು ಬಿಎಲ್‌ಡಿಸಿ ಫ್ಯಾನು, ಎರಡು ಎಲ್‌ಇಡಿ ಸೇರಲಿ. ಪಾತ್ರೆಗಳು ಅವರ ಮನೆಯಲ್ಲಿ ಹೇಗೂ ಇರುತ್ತವೆ. ಇನ್ನೊಂದು ಕೈ ಕಸ ಆಯುವ ಹೆಣ್ಣುಮಕ್ಕಳದು. ಅವರು 1993ರಲ್ಲಿ ಸಂಘಟನೆ ಕಟ್ಟಿ, ಆಮೇಲೆ ಸ್ವಚ್ಛ್ ಸಹಕಾರ ಸಂಸ್ಥೆಯ ಮೂಲಕ ಮನೆಮನೆಯ ಬಾಗಿಲಿಗೆ ಹೋಗುತ್ತಿದ್ದಾರೆ. ಯಾವ ಓಣಿಯಲ್ಲಿ ಎಷ್ಟು ಖೋಲಿ, ಯಾರದು ಹಳದಿ ಬಲ್ಬು ಎಂದು ಅವರಿಗೆ ಗೊತ್ತಿರುವಷ್ಟು ಯಾವ ಕಚೇರಿಗೂ ಗೊತ್ತಿಲ್ಲ. ಹಳೆಯ ಫ್ಯಾನು ಹಿಂದಕ್ಕೆ ಪಡೆಯುವ ಕೆಲಸವನ್ನು ಕೂಲಿ ಕೊಟ್ಟು ಅವರಿಗೆ ವಹಿಸಬಹುದು. ಹಿಂದಕ್ಕೆ ಪಡೆದ ಫ್ಯಾನನ್ನು ಒಡೆದು ತಾಮ್ರ ತೆಗೆಯಬೇಕು, ಇಡಿಯಾಗಿ ಬಿಟ್ಟರೆ ಮುಂದಿನ ಬುಧವಾರ ಅದು ಜುನಾ ಬಜಾರಿನಲ್ಲಿರುತ್ತದೆ.

ಪೂರ್ತಿ ಪುಕ್ಕಟೆ ಕೊಡಲಾಗದಿದ್ದರೆ ಕಂತು ಇಡಿ, ಆದರೆ ತಿಂಗಳ ಕಂತಲ್ಲ. ಸೌರ ವಿದ್ಯುತ್ತಿನ ಸೆಲ್ಕೋ ಕಂಪನಿ ಕಟ್ಟಿದ ಹರೀಶ್ ಹಂದೆಯವರು ಬೀದಿ ವ್ಯಾಪಾರಿಗಳಿಂದ ಕಲಿತ ಪಾಠವೆಂದು ಹೇಳುತ್ತ ಬಂದಿರುವ ಮಾತೊಂದಿದೆ: ತಿಂಗಳಿಗೆ 300 ರೂಪಾಯಿ ದುಬಾರಿ, ದಿನಕ್ಕೆ ಹತ್ತು ಆದರೆ ಕೊಡಬಹುದು. ದಿನಗೂಲಿಯವರ ನಡುವೆ ಇದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಮಜೂರ್ ಅಡ್ಡಾದ ಚಹಾದ ಅಂಗಡಿಯಲ್ಲೂ ಈಗ ಫೋನಿನಿಂದ ಹತ್ತು ರೂಪಾಯಿ ಕಳಿಸಲು ಬರುತ್ತದೆ.

ಬಿಎಲ್‌ಡಿಸಿಯ ಒಂದು ತೊಡಕನ್ನು ಮುಚ್ಚಿಡಬಾರದು. ಕೆಟ್ಟರೆ ಅದನ್ನು ನನ್ನಂಥವರು ಸರಿ ಮಾಡಲಾರೆವು. ಒಳಗೆ ಸರ್ಕ್ಯೂಟ್ ಬೋರ್ಡು. ಕಾಯಿಲು ಸುತ್ತುವ ಕೈಗೆ ಅದು ಒಗ್ಗದು. ಕಂಪನಿಗೆ ಫೋನು ಮಾಡಿದರೆ ಬಿಲ್ಲು ಇದೆಯೇ, ವಿಳಾಸ ಹೇಳಿ ಎಂದು ಶುರುವಾಗುತ್ತದೆ. ವಸ್ತಿಯ ವೈರ್‌ಮನ್‌ಗಳಿಗೆ, ರಿವೈಂಡಿಂಗ್ ಅಂಗಡಿಯವರಿಗೆ ನಾಲ್ಕು ದಿನದ ತರಬೇತಿ ಕೊಟ್ಟು, ಬೋರ್ಡುಗಳನ್ನು ಅಂಗಡಿಯಲ್ಲಿ ಸಿಗುವಂತೆ ಮಾಡದಿದ್ದರೆ ಎರಡನೇ ಬೇಸಿಗೆಗೆ ಹೊಸ ಫ್ಯಾನೂ ಜುನಾ ಬಜಾರಿಗೇ ಹೋಗುತ್ತದೆ. ತರಬೇತಿಗೆ ಮಹಾಊರ್ಜಾಕ್ಕಿಂತ ಯೋಗ್ಯ ಸಂಸ್ಥೆ ಯಾವುದಿದೆ? ರಾಜ್ಯಕ್ಕೆಲ್ಲ ಇಂಧನ ಉಳಿತಾಯ ಹೇಳುವ ತಮ್ಮ ಕಚೇರಿ ಇರುವುದು ಪುಣೆಯಲ್ಲೇ, ಔಂಧ್ ರಸ್ತೆಯಲ್ಲಿ. ಮಿತವ್ಯಯದ ಫ್ಯಾನನ್ನು ದೇಶದಲ್ಲಿ ಹೇಗೆ ಹರಡಬೇಕೆಂದು ವರ್ಷಗಟ್ಟಲೆ ಬರೆದ ಪ್ರಯಾಸ್ ಸಂಸ್ಥೆಯ ಇಂಧನ ಬಳಗ ಇರುವುದು ಕೋಥ್ರೂಡಿನಲ್ಲಿ. ಎರಡು ಕಡೆಯಿಂದಲೂ ಪತ್ರಾಸಿನ ಖೋಲಿಗಳು ರಿಕ್ಷಾದ ದೂರದಲ್ಲಿವೆ.

ಪತ್ರಾಸಿನ ಬಗ್ಗೆ ಒಂದೆರಡು ಮಾತು. 2018ರಲ್ಲಿ ಕೇಂದ್ರ ತಂದ ಎಕೋ ನಿವಾಸ್ ಸಂಹಿತೆ ಮನೆಯ ಗೋಡೆ, ಕಿಟಕಿಗಳು ಎಷ್ಟು ಬಿಸಿ ಒಳಗೆ ಬಿಡಬಹುದೆಂದು ಹೇಳುತ್ತದೆ. 500 ಚದರ ಮೀಟರಿನ ನಿವೇಶನದಿಂದ ಮೇಲಿನ ಹೊಸ ಕಟ್ಟಡಗಳಿಗೆ ಅದು. ನಮ್ಮ ಎಂಟು ಖೋಲಿಯ ಜಾಗ ಅದರ ಕಾಲುಭಾಗವೂ ಇರುವುದಿಲ್ಲ. ಏಪ್ರಿಲಿನ ಮಧ್ಯಾಹ್ನ ತಗಡಿನ ಕೆಳಗೆ ಎಂಥ ಫ್ಯಾನು ಹಾಕಿದರೂ ಬಿಸಿ ಗಾಳಿಯನ್ನೇ ಕೆಳಗೆ ತಳ್ಳುತ್ತದೆ. ಅಹಮದಾಬಾದಿನಲ್ಲಿ 2017ರಲ್ಲಿ ಕೊಳೆಗೇರಿಗಳ ಚಾವಣಿಗೆ ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಬಣ್ಣ ಬಳಿದರು. ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿ ತಂದು ಸರ್ಕಾರ ಕಟ್ಟಿಸುವ ಬಡವರ ಮನೆಗಳನ್ನೂ ಅದರೊಳಗೆ ಸೇರಿಸಿತು. ಪುಣೆಯಲ್ಲಿ ಮಳೆಗಾಲಕ್ಕೆ ಮುಂಚೆ ಪತ್ರಾಸಿನ ಮೇಲೆ ತಾಡಪತ್ರಿ ಹೊದಿಸಲು ಎಲ್ಲರೂ ಮೇಲೆ ಹತ್ತುತ್ತಾರೆ. ಫೆಬ್ರವರಿಯಲ್ಲಿ ಬಣ್ಣದ ಡಬ್ಬಿ ಕೊಟ್ಟರೆ ಅದಕ್ಕೂ ಹತ್ತಿಯಾರು, ಕೂಲಿಯಾಳು ಬೇಕಿಲ್ಲ.

ಮುಂದಿನ ದರ ಪರಿಷ್ಕರಣೆಯ ಸಾರ್ವಜನಿಕ ವಿಚಾರಣೆಯಲ್ಲಿ ಹಂಚಿಕೊಂಡ ಮೀಟರಿನ ವಿಷಯವನ್ನು ಬೇರೆಯಾಗಿ ಎತ್ತಿಕೊಳ್ಳಬೇಕೆಂದು ಕೋರುತ್ತೇನೆ. ಅದರ ನೋಟೀಸು ಪತ್ರಿಕೆಯ ಒಳಪುಟದಲ್ಲಿ ಬಂದರೆ ಸಾಲದು, ವಾರ್ಜೆ, ಹಡಪಸರ, ಯೆರವಡಾದ ಮಜೂರ್ ಅಡ್ಡಾಗಳಲ್ಲೂ ಅಂಟಿಸಿ. ಮರಾಠಿ, ಹಿಂದಿಯ ಜೊತೆಗೆ ಕನ್ನಡದಲ್ಲೂ ಬೇಕು. ಅದನ್ನು ನಾನು ಬರೆದುಕೊಡುತ್ತೇನೆ. ಸಬ್‌ಮೀಟರಿನ ಓದು ಬರೆದಿಟ್ಟ ನೋಟ್‌ಬುಕ್ಕುಗಳನ್ನು ಖೋಲಿಯವರು ತರುತ್ತಾರೆ, ಮಾಲಕರ ಬಿಲ್ಲಿನ ಪ್ರತಿಯನ್ನು ಇಬ್ಬರು ಮಾಲಕರು ಕೊಡಲು ಒಪ್ಪಿದ್ದಾರೆ. ಸಾಧ್ಯವಿದ್ದರೆ ವಿಚಾರಣೆಯನ್ನು ರವಿವಾರ ಇಡಿ. ಉಳಿದ ದಿನ ಬಂದರೆ ಅವರ ಒಂದು ದಿನದ ಕೂಲಿ ಹೋಗುತ್ತದೆ.

ಇಂತಿ,
ಒಬ್ಬ ವೈರ್‌ಮನ್, ಯೆರವಡಾ, ಪುಣೆ